ಮಣ್ಣಿನಿಂದ ಸೂಜಿಯವರೆಗೆ: ಮಕ್ಕಳ ಕೈಗೆ ಕಲೆ ಇಳಿಯುವ ನಾಲ್ಕು ಮೆಟ್ಟಿಲು

ಭಾನುವಾರದ ನನ್ನ ತರಗತಿಗೆ ಹೊಸದಾಗಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಮೊದಲ ದಿನ ಕೇಳುವುದು ಒಂದೇ ಮಾತು: ‘ಮಿಸ್, ರಬ್ಬರ್ ಇದೆಯಾ?’ ಹಾಳೆಯ ಮೇಲೆ ಇನ್ನೂ ಒಂದು ಗೆರೆಯೂ ಮೂಡಿರುವುದಿಲ್ಲ. ತಪ್ಪಾದೀತೆಂಬ ಹೆದರಿಕೆ ಪೆನ್ಸಿಲ್ಲಿಗಿಂತ ಮೊದಲೇ ಬಂದು ಕೂತಿರುತ್ತದೆ. ಆರೇಳು ವರ್ಷದ ಮಗುವಿಗೆ ಈ ಹೆದರಿಕೆ ಎಲ್ಲಿಂದ ಬಂತು? ನನಗೆ ಎಲ್ಲಿಂದ ಬಂದಿತ್ತೆಂಬುದು ಚೆನ್ನಾಗಿ ನೆನಪಿದೆ. ಮೂರನೇ ತರಗತಿಯಲ್ಲಿ ನಾನು ಬರೆದ ಆನೆಯ ಕಿವಿ ದೊಡ್ಡದಾಯಿತೆಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದಿದ್ದರು. ಆಮೇಲೆ ಎರಡು ವರ್ಷ ನಾನು ಆನೆ ಬರೆಯಲಿಲ್ಲ.

ಅದೇ ಎರಡು ವರ್ಷ ಮನೆಯಲ್ಲಿ ನನ್ನ ಕೈ ಸುಮ್ಮನಿರಲಿಲ್ಲ. ಅವ್ವ ಅಂಗಳ ಸಾರಿಸಿ ರಂಗೋಲಿ ಹಾಕುವಾಗ ಮೂಲೆಯಲ್ಲಿ ನನಗೂ ಮೊಳದಷ್ಟು ಜಾಗ ಬಿಡುತ್ತಿದ್ದಳು. ನನ್ನದು ಸೊಟ್ಟಗಾದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕಸಬರಿಗೆ ಅವ್ವನದನ್ನೂ ನನ್ನದನ್ನೂ ಒಟ್ಟಿಗೇ ಗುಡಿಸುತ್ತಿತ್ತು. ಅಂಗಳ ಮತ್ತೆ ಖಾಲಿ, ಕೈಗೆ ಮತ್ತೊಂದು ಅವಕಾಶ.

ಮಕ್ಕಳಿಗೆ ಕಲಿಸಲು ಕೂತ ಮೇಲೆ ಅವ್ವನ ಆ ಅಂಗಳವೇ ನನಗೆ ದಾರಿ ತೋರಿಸಿತು. ನಮ್ಮ ಮನೆಗಳ ಕಲೆಗಳನ್ನು ಒಂದು ಕ್ರಮದಲ್ಲಿ ಜೋಡಿಸಿದರೆ ಮಕ್ಕಳಿಗೆ ಚಂದದ ಏಣಿಯೊಂದು ಸಿದ್ಧವಾಗುತ್ತದೆ. ಆ ಕ್ರಮವನ್ನು ನಿರ್ಧರಿಸುವುದು ತಪ್ಪಿನ ಬೆಲೆ. ಮಣ್ಣಿನಲ್ಲಿ ತಪ್ಪಿದರೆ ಉಂಡೆ ಕಟ್ಟಿ ಮತ್ತೆ ಶುರುಮಾಡಬಹುದು. ರಂಗೋಲಿಯಲ್ಲಿ ತಪ್ಪಿದರೆ ಒರೆಸಬಹುದು. ಚಿತ್ತಾರದಲ್ಲಿ ತಪ್ಪಿದರೆ ಕೆಮ್ಮಣ್ಣು ಬಳಿದು ಒಣಗುವ ತನಕ ಕಾಯಬೇಕು. ಕಸೂತಿಯಲ್ಲಿ ಒಂದೆಳೆ ತಪ್ಪಿ ಎಣಿಸಿದರೆ ಆ ತಪ್ಪು ಸಾಲಿನ ಕೊನೆಯವರೆಗೂ ಜೊತೆಗೇ ಬರುತ್ತದೆ. ಅದನ್ನು ಬಿಚ್ಚಲು ತಾಳ್ಮೆ ಬೇಕು. ಹೀಗೆ ಅಗ್ಗದ ತಪ್ಪಿನಿಂದ ದುಬಾರಿ ತಪ್ಪಿನ ಕಡೆಗೆ ಒಂದೊಂದೇ ಮೆಟ್ಟಿಲು ಹತ್ತಿಸಿದರೆ ಮಗು ರಬ್ಬರ್ ಕೇಳುವುದನ್ನು ತಾನಾಗಿಯೇ ಮರೆಯುತ್ತದೆ.

ಯಾವ ವಯಸ್ಸಿಗೆ ಏನು?

ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಾಶಿಕ್ಷಣ ಕಲಿಸಿದ ವಿಕ್ಟರ್ ಲೋವನ್‌ಫೆಲ್ಡ್, ಮಕ್ಕಳ ಚಿತ್ರ ವಯಸ್ಸಿಗೆ ತಕ್ಕಂತೆ ಹಂತಹಂತವಾಗಿ ಬೆಳೆಯುತ್ತದೆಂದು 1947ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಸುಮಾರು 2ರಿಂದ 4 ವರ್ಷ ಗೀಚುವ ಕಾಲ. 4ರಿಂದ 7 ವರ್ಷದಲ್ಲಿ ಆಕಾರಗಳು ಹುಟ್ಟುತ್ತವೆ. ದುಂಡನೆಯ ತಲೆಯಿಂದಲೇ ನೇರವಾಗಿ ಕಾಲು ಹೊರಡುವ ಮನುಷ್ಯರು ಬರುವುದು ಆಗಲೇ. 7ರಿಂದ 9ರ ಹೊತ್ತಿಗೆ ಹಾಳೆಯ ಕೆಳಗೆ ನೆಲದ ಗೆರೆ ಬರುತ್ತದೆ. ಮನೆ, ಮರ, ಅಮ್ಮ ಎಲ್ಲರೂ ಅದರ ಮೇಲೆ ನಿಲ್ಲುತ್ತಾರೆ. ಇವು ಬೆಳವಣಿಗೆಯ ಗುರುತುಗಳು. ಕತ್ತಿಲ್ಲದ ಮನುಷ್ಯನಿಗೆ ನೀವು ಕತ್ತು ಬರೆದುಕೊಡುವ ಅಗತ್ಯವಿಲ್ಲ.

ಇದನ್ನು ಇಟ್ಟುಕೊಂಡು ನಾನು ಅನುಸರಿಸುವ ಲೆಕ್ಕ ಹೀಗಿದೆ. ಮಣ್ಣು 4 ವರ್ಷದಿಂದ, ಚುಕ್ಕಿ ರಂಗೋಲಿ 6ರಿಂದ, ಚಿತ್ತಾರ 7–8ರಿಂದ, ಕಸೂತಿ 9ರ ನಂತರ. ಹತ್ತು ವರ್ಷದ ಮಗು ಹೊಸದಾಗಿ ಬಂದರೂ ಮಣ್ಣಿನಿಂದಲೇ ಆರಂಭ. ಮೆಟ್ಟಿಲು ಬೇಗ ಹತ್ತಬಹುದು, ಹಾರಬಾರದು.

ಮೊದಲ ಮೆಟ್ಟಿಲು: ಮಣ್ಣೆತ್ತು

ಉತ್ತರ ಕರ್ನಾಟಕದಲ್ಲಿ ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಳೆ ಬಿದ್ದ ಹೊಲದ ಮಣ್ಣಿನಲ್ಲಿ ಜೋಡೆತ್ತು, ಅವುಗಳ ಮುಂದೆ ಮೇವು ಹಾಕುವ ಒಂದು ಗ್ವಾದಲಿ ಮಾಡಿ ಪೂಜಿಸುತ್ತಾರೆ. ಅಲ್ಲಿಂದ ಮುಂದೆ ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ ಎಂದು ಮಣ್ಣಿನ ದೇವರುಗಳ ಸಾಲೇ ಬರುತ್ತದೆ. ಮಕ್ಕಳ ಕೈಗೆ ಮಣ್ಣು ಕೊಡಲು ಇದಕ್ಕಿಂತ ಒಳ್ಳೆಯ ನೆಪ ಬೇಡ.

ಬೇಕಾದದ್ದು: ಒಂದು ಬೋಗುಣಿ ಕೆರೆ ಮಣ್ಣು ಅಥವಾ ಕುಂಬಾರರಲ್ಲಿ ಸಿಗುವ ಜೇಡಿಮಣ್ಣು, ನೀರು, ಹಳೆಯ ಹತ್ತಿ ಬಟ್ಟೆ, ಒಂದು ಮಣೆ, ಒಂದು ಕಡ್ಡಿ. ಬರೀ ಎರೆಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕೆ ಸ್ವಲ್ಪ ಸಣ್ಣ ಮರಳು ಸೇರಿಸಿ. ಹುತ್ತದ ಮಣ್ಣಿಗೆ ಮಕ್ಕಳನ್ನು ಕಳಿಸಬೇಡಿ.

1. ಮಣ್ಣನ್ನು ಪುಡಿಮಾಡಿ, ಜರಡಿ ಹಿಡಿದು, ರಾತ್ರಿಯಿಡೀ ನೆನೆಸಿಡಿ. ಬೆಳಿಗ್ಗೆ ಚಪಾತಿ ಹಿಟ್ಟಿನಂತೆ ನಾದಿ. ನಾದುವ ಕೆಲಸ ಮಗುವಿನದೇ ಆಗಲಿ.

2. ಹದ ನೋಡಲು ಬೆರಳು ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರಿದರೆ ನೀರು ಸಾಲದು, ಕೈಗೆ ಅಂಟಿದರೆ ನೀರು ಹೆಚ್ಚಾಗಿದೆ.

3. ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ, ಬದನೆಕಾಯಿ ಗಾತ್ರದ ಒಂದು ಉಂಡೆ ಮಾಡಿಸಿ. ದೊಡ್ಡದನ್ನು ಉದ್ದಕ್ಕೆ ಹೊರಳಿಸಿದರೆ ಎತ್ತಿನ ಮೈ. ಮುಂದಿನ ತುದಿಯನ್ನು ಚಿವುಟಿ ಮೇಲೆ ಎಳೆದರೆ ಕತ್ತು ಮತ್ತು ಮುಖ. ಚಿವುಟಿ ಎಳೆದದ್ದು ಅಂಟಿಸಿದ್ದಕ್ಕಿಂತ ಗಟ್ಟಿ.

4. ಒಂದು ಸಣ್ಣ ಉಂಡೆಯನ್ನು ನಾಲ್ಕು ಭಾಗ ಮಾಡಿ ಕಾಲುಗಳನ್ನು ಹೊಸೆಯಿರಿ. ಕಾಲು ಗಿಡ್ಡವಾಗಿ ಹೆಬ್ಬೆರಳಿನಷ್ಟು ದಪ್ಪ ಇರಲಿ. ಉಳಿದ ಉಂಡೆಯಲ್ಲಿ ಹಿಣಿಲು, ಕೋಡು, ಬಾಲ.

5. ಅಂಟಿಸುವ ಎರಡೂ ಜಾಗಗಳಲ್ಲಿ ಕಡ್ಡಿಯಿಂದ ಅಡ್ಡ-ಉದ್ದ ಗೀರು ಹಾಕಿ, ಮಜ್ಜಿಗೆಯಷ್ಟು ತೆಳ್ಳಗೆ ಕಲಸಿದ ಮಣ್ಣಿನ ನೀರು ಸವರಿ ಒತ್ತಿ ಹಿಡಿಯಿರಿ. ಗೀರು ಹಾಕದೆ ಅಂಟಿಸಿದ್ದು ಒಣಗಿದ ಮೇಲೆ ಕಳಚಿ ಬೀಳುತ್ತದೆ.

6. ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿ. ಮೊದಲ ದಿನ ಒದ್ದೆ ಬಟ್ಟೆ ಹೊದಿಸಿಡಿ.

ಕಣ್ಣಿಗೆ ಗುಲಗಂಜಿ ಒತ್ತುವುದು ಹಲವು ಕಡೆ ರೂಢಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಬೇಡ, ಆ ಬೀಜ ವಿಷ. ಎರಡು ಜೋಳದ ಕಾಳು ಸಾಕು.

ಎತ್ತು ಮುಗಿದ ಮೇಲೆ ಅದನ್ನು ಮಣೆಯ ಮೇಲಿಟ್ಟು ಪಕ್ಕದಿಂದ ನೋಡಿ ಬರೆಯಲು ಹೇಳಿ. ಪೆನ್ಸಿಲ್ ಬೇಡ, ಸ್ಕೆಚ್ ಪೆನ್ ಕೊಡಿ. ಕಳೆದ ಜೂನ್‌ನಲ್ಲಿ ಒಬ್ಬ ಹುಡುಗನ ಎತ್ತಿನ ಕಾಲು ಮೂರು ಸಲ ಮುರಿಯಿತು. ನಾಲ್ಕನೆಯ ಸಲ ಅವನು ಯಾರನ್ನೂ ಕೇಳದೆ ಕಾಲುಗಳನ್ನು ಗಿಡ್ಡ ಮಾಡಿದ. ಆಮೇಲೆ ಹಾಳೆಯಲ್ಲಿ ಬರೆದ ಎತ್ತಿಗೂ ಅಂಥದೇ ಗಟ್ಟಿ ಕಾಲು ಬಂದವು. ಕೈ ಮುಟ್ಟಿ ತಿಳಿದದ್ದನ್ನು ಕಣ್ಣು ಮರೆಯುವುದಿಲ್ಲ.

ಎರಡನೇ ಮೆಟ್ಟಿಲು: ಚುಕ್ಕಿ ರಂಗೋಲಿ

ಮಣ್ಣಿನಲ್ಲಿ ಪಳಗಿದ ಬೆರಳಿಗೆ ಈಗ ಗೆರೆ. ರಂಗೋಲಿಯ ಗೆರೆಯನ್ನು ಕಾಗದದ ಗೆರೆಯಂತೆ ಒತ್ತಿ ಎಳೆಯಲಾಗದು, ಉದುರಿಸಬೇಕು. ಮಕ್ಕಳು ಮುಷ್ಟಿ ತುಂಬ ಪುಡಿ ಹಿಡಿಯುತ್ತಾರೆ. ಅದಕ್ಕೇ ಮೊದಲ ಪಾಠ ಹಿಡಿಯುವುದು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚಿಟಿಕೆ ಪುಡಿ, ಕೈ ನೆಲದಿಂದ ಒಂದಂಗುಲ ಮೇಲೆ. ಹೆಬ್ಬೆರಳು ಮೆಲ್ಲಗೆ ಸವರುತ್ತ ಹೋದಂತೆ ಪುಡಿ ಇಳಿಯುತ್ತದೆ. ಕಲ್ಲಿನ ರಂಗೋಲಿ ಪುಡಿಯ ದೂಳು ಮೂಗಿಗೆ ಹೋಗುತ್ತದೆ, ಆದ್ದರಿಂದ ಚಿಕ್ಕವರಿಗೆ ಅಕ್ಕಿಹಿಟ್ಟೇ ಒಳ್ಳೆಯದು. ಅಪಾರ್ಟ್‌ಮೆಂಟಿನಲ್ಲಿ ಅಂಗಳವಿಲ್ಲ ಎನ್ನುವವರು ದೊಡ್ಡ ಕಪ್ಪು ಹಲಗೆ ಅಥವಾ ಅಗಲವಾದ ಸ್ಟೀಲ್ ತಟ್ಟೆ ಬಳಸಬಹುದು.

ಮೊದಲ ವಾರ ಬರೀ ಚುಕ್ಕಿ. 3 ಚುಕ್ಕಿ 3 ಸಾಲು, ಆಮೇಲೆ 5 ಚುಕ್ಕಿ 5 ಸಾಲು. ನಡುವಿನ ದೂರ ಸಮನಾಗಿರಲು ಎರಡು ಬೆರಳ ಅಗಲವನ್ನು ಅಳತೆಯಾಗಿ ಇಟ್ಟುಕೊಳ್ಳಲಿ. ಎರಡನೇ ವಾರ ಸಂದು ಚುಕ್ಕಿ, ಅಂದರೆ ಮುಂದಿನ ಸಾಲಿನ ಚುಕ್ಕಿಗಳು ಎರಡು ಚುಕ್ಕಿಗಳ ನಡುವಿನ ಸಂದಿಗೆ ಬರುವಂತೆ ಇಡುವುದು. 5ರಿಂದ 3ರವರೆಗಿನ ಈ ರಂಗೋಲಿಯಿಂದ ಶುರುಮಾಡಿ:

1. ನಡುವಿನ ಸಾಲಿಗೆ 5 ಚುಕ್ಕಿ.

2. ಅದರ ಮೇಲೆ ಸಂದಿಯಲ್ಲಿ 4, ಅದರ ಮೇಲೆ 3. ಕೆಳಗೂ ಹಾಗೆಯೇ 4, 3. ಒಟ್ಟು 19 ಚುಕ್ಕಿ.

3. ನಟ್ಟನಡುವಿನ ಚುಕ್ಕಿಯಿಂದ ಸುತ್ತಲಿನ 6 ಚುಕ್ಕಿಗಳಿಗೆ ಒಂದೊಂದು ಎಸಳು. ಆರೆಸಳಿನ ಹೂ ಅರಳಿತು.

4. ಹೊರಗೆ ಉಳಿದ 12 ಚುಕ್ಕಿಗಳನ್ನು ಸುತ್ತ ಸೇರಿಸಿದರೆ ಆರು ಮೂಲೆಯ ಅಂಚು. ಪ್ರತಿ ಮೂಲೆಗೂ ಒಂದು ದೀಪ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಡುವೆ 1, ಸುತ್ತ 6, ಅದರ ಸುತ್ತ 12. ‘ಇನ್ನೊಂದು ಸುತ್ತು ಇಟ್ಟರೆ ಎಷ್ಟು ಚುಕ್ಕಿ ಬೇಕು?’ ಎಂದು ಕೇಳಿ. ಮಗು ಚುಕ್ಕಿ ಇಟ್ಟು ಎಣಿಸಲಿ. 18 ಬರುತ್ತದೆ, ಒಟ್ಟು 37. ನಮ್ಮ ಮನೆಗಳಲ್ಲಿ ಎಲ್ಲರೂ ಹಾಕುವ 7ರಿಂದ 4ರ ಸಂದು ಚುಕ್ಕಿ ಅದೇ! ಸುತ್ತಿಗೆ ಆರಾರು ಹೆಚ್ಚುತ್ತದೆ ಎಂಬುದನ್ನು ಮಗು ತಾನೇ ಕಂಡುಕೊಂಡ ಗಳಿಗೆಯಲ್ಲಿ ಅದರ ಮುಖ ನೋಡಬೇಕು. ಗಣಿತಕ್ಕೂ ಚಿತ್ರಕ್ಕೂ ನಡುವೆ ಗೋಡೆಯಿಲ್ಲವೆಂದು ಬೇರೆ ಹೇಳಬೇಕಾಗುವುದಿಲ್ಲ.

ನೆಲದ ಮೇಲೆ ಕೈ ಕೂತ ಮೇಲೆ ಚೌಕುಳಿ ಪುಸ್ತಕದಲ್ಲಿ ಅದೇ ಚುಕ್ಕಿಗಳಿಗೆ ಬೇರೆ ಜೋಡಣೆ ಹುಡುಕಲಿ. 19 ಚುಕ್ಕಿಯಲ್ಲಿ ವಾರಕ್ಕೆ ಐದು ಹೊಸ ರಂಗೋಲಿ ಎಂದರೆ ಮಕ್ಕಳು ಏಳು ತರುತ್ತಾರೆ. ಗಂಡುಮಕ್ಕಳನ್ನು ಇದರಿಂದ ಹೊರಗಿಡಬೇಡಿ. ಚುಕ್ಕಿ ಎಲ್ಲರ ಬೆರಳಿಗೂ ಒಂದೇ ಪಾಠ ಹೇಳುತ್ತದೆ.

ಮೂರನೇ ಮೆಟ್ಟಿಲು: ಹಸೆ ಚಿತ್ತಾರ

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆಂದು ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಚಿತ್ರ ಹಸೆ ಚಿತ್ತಾರ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಗೆರೆಗಳು. ಬಣ್ಣ ನಾಲ್ಕೇ. ಕೆಮ್ಮಣ್ಣಿನ ಕೆಂಪು, ನೆನೆಸಿ ಅರೆದ ಅಕ್ಕಿಯ ಬಿಳಿ, ಕಪ್ಪಾಗುವಂತೆ ಹುರಿದು ಅರೆದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಮಕ್ಕಳಿಗೆ ಇದನ್ನು ಕಲಿಸುವ ಮೊದಲು ಇದು ಯಾರ ಕಲೆ, ಯಾವ ಊರಿನದು, ಯಾವ ಹೊತ್ತಿಗೆ ಬರೆಯುತ್ತಾರೆ ಎಂದು ಹೇಳಿ. ಕಲೆಯ ಜೊತೆ ಅದನ್ನು ಕಾಪಾಡಿದ ಕೈಗಳ ನೆನಪೂ ದಾಟಬೇಕು.

1. ದಪ್ಪ ರಟ್ಟಿಗೆ ಕೆಮ್ಮಣ್ಣನ್ನು ಸ್ವಲ್ಪ ಗೋಂದಿನೊಂದಿಗೆ ಕಲಸಿ ಎರಡು ಸಲ ಬಳಿಯಿರಿ. ಮೊದಲನೆಯದು ಪೂರ್ತಿ ಒಣಗಿದ ಮೇಲೆ ಎರಡನೆಯದು.

2. ಒಂದು ಹಿಡಿ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ ನುಣ್ಣಗೆ ಅರೆಯಿರಿ. ದೋಸೆ ಹಿಟ್ಟಿಗಿಂತ ತೆಳುವಾಗಿರಲಿ. ಕಪ್ಪಿಗೆ ಅಕ್ಕಿ ಹುರಿಯುವುದು ದೊಡ್ಡವರ ಕೆಲಸ. ಗುರಿಗೆ ಸಿಗದ ಊರಲ್ಲಿ ಅರಿಶಿನ ಬಳಸಿ. ಅದಕ್ಕೆ ಚಿಟಿಕೆ ಸುಣ್ಣ ಸೇರಿಸಿದರೆ ಆರತಿಯ ನೀರಿನ ಕೆಂಪು ಬರುವುದನ್ನೂ ತೋರಿಸಿ.

3. ಕುಂಚಕ್ಕೆ ಪುಂಡಿ ನಾರು ಇಲ್ಲದಿದ್ದರೆ ಗೋಣಿಚೀಲದ ಹುರಿ ಸಾಕು. ತುದಿಯನ್ನು ಕಲ್ಲಿನಿಂದ ಜಜ್ಜಿ, ನಾಲ್ಕೈದು ಎಳೆ ಮಾತ್ರ ಉಳಿಸಿ ಉಳಿದದ್ದನ್ನು ಕತ್ತರಿಸಿ. ಉಳಿದ ಎಳೆ ಒಂದು ಬೆರಳುದ್ದ ಇರಲಿ.

4. ಮೊದಲು ಹೊರಗಿನ ಚೌಕ. ಆಮೇಲೆ ಅದರೊಳಗೆ ಅಂಟಿಕೊಂಡಂತೆ ಎರಡನೆಯ ಗೆರೆ, ಮೂರನೆಯ ಗೆರೆ. ಎಳೆ ಉದ್ದವಿರುವುದರಿಂದ ಕುಂಚದ ತುದಿ ಮಾತ್ರವಲ್ಲ, ಎಳೆಯೆಲ್ಲವೂ ರಟ್ಟಿನ ಮೇಲೆ ಮಲಗಿ ಸಾಗಬೇಕು. ನೇರ ಗೆರೆಯ ಗುಟ್ಟು ಅದೇ.

5. ಅಂಚಿನ ಒಳಗೆ ಓರೆ ಗೆರೆಗಳು, ಓರೆಗೆ ಎದುರು ಓರೆ. ನಡುವೆ ಮೂಡುವ ತ್ರಿಕೋನಗಳಿಗೆ ಹಳದಿ, ಕಪ್ಪು ಚುಕ್ಕಿ.

6. ನಡುವಿನ ಖಾಲಿ ಜಾಗದಲ್ಲಿ ಎರಡು ತ್ರಿಕೋನ ಸೇರಿಸಿದ ಮೈ, ಕಡ್ಡಿಯಂಥ ಕೈಕಾಲು. ಮದುಮಕ್ಕಳಾದರು. ಇಲ್ಲಿ ಮಗು ತನ್ನ ಅಜ್ಜ-ಅಜ್ಜಿಯನ್ನೋ ಬಸ್ಸಿನ ಡ್ರೈವರನ್ನೋ ಬರೆದರೆ ಬರೆಯಲಿ.

ಈ ಮೆಟ್ಟಿಲಲ್ಲಿ ಮಗು ಮೊದಲ ಬಾರಿಗೆ ಕಾಯಲು ಕಲಿಯುತ್ತದೆ. ಗೆರೆ ಕದಡಿದರೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು, ಕೆಮ್ಮಣ್ಣು ಬಳಿದು, ಒಣಗುವ ತನಕ ಬೇರೆ ಕಡೆ ಕೆಲಸ ಮಾಡಬೇಕು. ಒಂದು ರಟ್ಟಿಗೆ ಮೂರು ದಿನ ಹಿಡಿಯಲಿ. ಅವಸರಪಡಿಸಬೇಡಿ.

ನಾಲ್ಕನೇ ಮೆಟ್ಟಿಲು: ಕಸೂತಿ

ಧಾರವಾಡ ಸೀಮೆಯ ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನ ನಕ್ಷೆಯಿಲ್ಲ. ಎಳೆ ಎಣಿಸಿ ಹಾಕುವುದು, ದಾರಕ್ಕೆ ಗಂಟು ಹಾಕದಿರುವುದು ಅದರ ನಿಯಮ. ಚುಕ್ಕಿ ಎಣಿಸಿದ ಮಗುವಿಗೆ ಎಳೆ ಎಣಿಸುವುದು ಹೊಸದಲ್ಲ. ಹೊಲಿಗೆ ನಾಲ್ಕು. ಗವಂತಿ ನೇರ ಗೆರೆಗೆ, ಮುರಗಿ ಮೆಟ್ಟಿಲಿನಂಥ ಓರೆಕೋರೆ ಗೆರೆಗೆ, ನೇಗಿ ನೇಯ್ಗೆಯಂತೆ ತುಂಬಲು, ಮೆಂತಿ ಮೆಂತ್ಯದ ಕಾಳಿನಂತೆ ಕಾಣುವ ಅಡ್ಡ ಹೊಲಿಗೆ. ಮಕ್ಕಳಿಗೆ ಮೊದಲ ವರ್ಷ ಗವಂತಿ ಮತ್ತು ಮುರಗಿ ಸಾಕು.

ಬೇಕಾದದ್ದು: ಒಂದು ಗೇಣು ಮ್ಯಾಟಿ ಬಟ್ಟೆ, ತುದಿ ಮೊಂಡಾದ ದೊಡ್ಡ ಕಣ್ಣಿನ ಸೂಜಿ, ಬಟ್ಟೆಯ ಬಣ್ಣಕ್ಕೆ ಎದ್ದು ಕಾಣುವ ಕಸೂತಿ ದಾರ, ಚೌಕುಳಿ ಪುಸ್ತಕ. ದಾರ ಮಗುವಿನ ಬೆರಳತುದಿಯಿಂದ ಮೊಣಕೈಗಿಂತ ಸ್ವಲ್ಪ ಹೆಚ್ಚು ಉದ್ದವಿದ್ದರೆ ಸಾಕು. ಇನ್ನೂ ಉದ್ದವಾದರೆ ಸಿಕ್ಕಾಗುತ್ತದೆ.

1. ಹೊಲಿಯಬೇಕಾದದ್ದನ್ನು ಮೊದಲು ಚೌಕುಳಿ ಪುಸ್ತಕದಲ್ಲಿ ಬರೆಯಿಸಿ. ಒಂದು ಚೌಕ ಎಂದರೆ ಒಂದು ಹೊಲಿಗೆ.

2. ದಾರದ ತುದಿಯನ್ನು ನಾಲ್ಕು ಬೆರಳಷ್ಟು ಬಿಟ್ಟು ಶುರುಮಾಡಿ. ಕೊನೆಗೆ ಅದನ್ನು ಹೊಲಿಗೆಗಳ ಅಡಿಯಲ್ಲಿ ತೂರಿಸಿ ಮುಚ್ಚಬೇಕು.

3. ಗವಂತಿಗೆ ಹೋಗುವ ದಾರಿ, ಬರುವ ದಾರಿ ಎಂದು ಎರಡಿದೆ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ, ಎಲ್ಲವೂ ಸಮ. ಸಾಲಿನ ಕೊನೆ ಮುಟ್ಟಿ ತಿರುಗಿ ಬರುವಾಗ ಬಿಟ್ಟುಹೋದ ಜಾಗಗಳು ತುಂಬುತ್ತವೆ.

4. ಒಂದು ಸಾಲು ಸಲೀಸಾದ ಮೇಲೆ ಚೌಕ, ಆಮೇಲೆ ಮುರಗಿಯಲ್ಲಿ ಮೆಟ್ಟಿಲು. ಈ ಎರಡು ಬಂದರೆ ತುಳಸಿ ಕಟ್ಟೆ ಹಾಕಬಹುದು. ಆನೆ, ನವಿಲು, ಗೋಪುರ, ತೇರು ಮುಂದಿನ ವರ್ಷಕ್ಕಿರಲಿ.

ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳು ಕಸೂತಿ ಕೈಗೆ ಬಂದರೆ ಮೊದಲು ನೋಡುವುದು ಬಟ್ಟೆಯ ಹಿಂಬದಿಯನ್ನು. ಗವಂತಿ, ಮುರಗಿ ಸರಿಯಾಗಿದ್ದರೆ ಎರಡೂ ಕಡೆ ಒಂದೇ ಗೆರೆ. ನನ್ನ ತರಗತಿಯ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತುಳಸಿ ಕಟ್ಟೆ ಮುಗಿಸಿ ತಂದಾಗ ಮುಂಬದಿ ಚೆನ್ನಾಗಿತ್ತು. ನಾನು ಏನೂ ಹೇಳುವ ಮೊದಲೇ ಅವಳೇ ತಿರುಗಿಸಿ, ಮೂರನೆಯ ಸಾಲಿನಲ್ಲಿ ಹಾಯ್ದ ಒಂದು ಅಡ್ಡ ಎಳೆಯನ್ನು ತೋರಿಸಿ, ‘ಇಲ್ಲಿ ಒಂದು ಎಣಿಕೆ ತಪ್ಪಿದೆ ಮಿಸ್, ಬಿಚ್ಚಿ ತರ್ತೀನಿ’ ಎಂದಳು. ನಾಲ್ಕು ವರ್ಷದ ಹಿಂದೆ ಮಣ್ಣಿನ ಮುಂದೆ ಕೂತು ರಬ್ಬರ್ ಕೇಳಿದವಳು ಅವಳೇ. ತಪ್ಪನ್ನು ಅಡಗಿಸದೆ ಕೈಗೆತ್ತಿಕೊಂಡು ಸರಿಮಾಡುವ ಈ ಧೈರ್ಯ ಅವಳಿಗೆ ಬಂದದ್ದು ಕೆಳಗಿನ ಮೂರು ಮೆಟ್ಟಿಲುಗಳಿಂದ.

ಜೊತೆಗೆ ಕೂರುವ ದೊಡ್ಡವರಿಗೆ

ಮಗುವಿನ ಕೈ ಹಿಡಿದು ಬರೆಸಬೇಡಿ. ನಿಮ್ಮ ಪಾಲಿನ ಮಣ್ಣು, ನಿಮ್ಮ ಹಾಳೆ ತೆಗೆದುಕೊಂಡು ಪಕ್ಕದಲ್ಲಿ ನೀವೂ ಮಾಡಿ. ಮಗು ನಿಮ್ಮ ಮಾತಿಗಿಂತ ನಿಮ್ಮ ಬೆರಳುಗಳಿಂದ ಹೆಚ್ಚು ಕಲಿಯುತ್ತದೆ. ನಿಮ್ಮದೂ ಒಮ್ಮೊಮ್ಮೆ ಕೆಡಲಿ, ಕೆಟ್ಟದ್ದನ್ನು ನೀವು ಹೇಗೆ ಸರಿಮಾಡುತ್ತೀರಿ ಎಂಬುದನ್ನೂ ಅದು ನೋಡಲಿ.

‘ಇದೇನು ಬರೆದಿದ್ದೀಯ?’ ಎಂದು ಕೇಳಿದರೆ ಚಿತ್ರ ಅರ್ಥವಾಗಲಿಲ್ಲವೆಂದು ಮಗು ಕುಗ್ಗುತ್ತದೆ. ‘ಇದನ್ನು ಹೇಗೆ ಮಾಡಿದೆ, ನನಗೂ ಹೇಳಿಕೊಡು’ ಎನ್ನಿ. ಸುಮ್ಮನೆ ‘ಸೂಪರ್’ ಎನ್ನುವ ಬದಲು ಕಂಡದ್ದನ್ನು ಹೇಳಿ: ‘ಈ ಎರಡು ಗೆರೆ ಎಲ್ಲೂ ತಾಗದೆ ಪಕ್ಕಪಕ್ಕದಲ್ಲೇ ಬಂದಿವೆ.’

ಚಿಕ್ಕವರಿಗೆ ಒಮ್ಮೆಗೆ ಇಪ್ಪತ್ತು ನಿಮಿಷ, ಎಂಟು ದಾಟಿದವರಿಗೆ ನಲವತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಮೂರು ಗಂಟೆ ಕೂರಿಸುವುದಕ್ಕಿಂತ ವಾರಕ್ಕೆ ನಾಲ್ಕು ದಿನ ಸ್ವಲ್ಪ ಸ್ವಲ್ಪ ಮಾಡಿಸುವುದು ಲೇಸು. ಪ್ರತಿ ಕೆಲಸದ ಹಿಂದೆ ದಿನಾಂಕ ಬರೆದು ಒಂದು ಪೆಟ್ಟಿಗೆಯಲ್ಲಿಡಿ. ರಂಗೋಲಿಯ ಫೋಟೊ ತೆಗೆದಿಟ್ಟು, ಮರುದಿನ ಅದನ್ನು ಗುಡಿಸುವ ಕೆಲಸವನ್ನು ಮಗುವಿಗೇ ಕೊಡಿ.

ವರ್ಷಕ್ಕೊಮ್ಮೆಯಾದರೂ ಕಸುಬಿನವರ ಬಳಿ ಕರೆದೊಯ್ಯಿರಿ. ಚನ್ನಪಟ್ಟಣದಲ್ಲಿ ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಣ್ಣ ಕರಗಿ ಹತ್ತುವುದನ್ನೂ, ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದ ಗೊಂಬೆಗಳು ರೂಪು ತಳೆಯುವುದನ್ನೂ ಮಕ್ಕಳು ಹತ್ತಿರದಿಂದ ನೋಡಬೇಕು. ಅಂಗಡಿಯ ಗೊಂಬೆಯ ಹಿಂದೆ ಒಂದು ಕೈ ಇದೆ ಎಂದು ತಿಳಿಯುವುದು ಆಗಲೇ.

ಹಬ್ಬವೇ ವೇಳಾಪಟ್ಟಿ

ಈ ನಾಲ್ಕು ಮೆಟ್ಟಿಲು ನಮ್ಮ ಪಂಚಾಂಗಕ್ಕೆ ಸಲೀಸಾಗಿ ಹೊಂದುತ್ತವೆ. ಶಾಲೆ ಶುರುವಾಗುವ ಜೂನ್ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಲ್ಲಿಂದ ಗಣೇಶನ ಹಬ್ಬದವರೆಗೆ ಮಣ್ಣು ಕೈಬಿಡುವುದಿಲ್ಲ. ಶ್ರಾವಣದ ಶುಕ್ರವಾರಗಳಿಗೆ ಚುಕ್ಕಿ ರಂಗೋಲಿ. ದಸರಾ ರಜೆಗೆ ಚಿತ್ತಾರ ಹಿಡಿದರೆ ವಿಜಯದಶಮಿಯಾಗಿ ಐದು ದಿನಕ್ಕೆ ಬರುವ ಭೂಮಿ ಹುಣ್ಣಿಮೆಗೆ ಒಂದು ಪುಟ್ಟ ಬುಟ್ಟಿ ಸಿದ್ಧ. ಧನುರ್ಮಾಸದ ಮುಂಜಾವುಗಳಲ್ಲಿ ಮತ್ತೆ ರಂಗೋಲಿ, ಈ ಸಲ 7ರಿಂದ 4ರದು. ಬೇಸಿಗೆ ರಜೆಯ ಉದ್ದ ಮಧ್ಯಾಹ್ನಗಳು ಕಸೂತಿಗೆ. ಮರುವರ್ಷ ಅದೇ ಸುತ್ತು, ಮಗುವಿನ ಬೆರಳು ಮಾತ್ರ ಒಂದು ವರ್ಷ ದೊಡ್ಡದು.

ನೀವು ಈ ಲೇಖನವನ್ನು ಯಾವ ತಿಂಗಳಲ್ಲಿ ಓದುತ್ತಿದ್ದರೂ ಹಬ್ಬಕ್ಕೆ ಕಾಯಬೇಡಿ. ಇಂದು ರಾತ್ರಿ ಒಂದು ಬೋಗುಣಿ ಮಣ್ಣು ನೆನೆಸಿಡಿ. ನಾಳೆ ಬೆಳಿಗ್ಗೆ ಮಗುವಿನ ಜೊತೆ ನೀವೂ ನೆಲಕ್ಕೆ ಕೂತು ನಾದಿ.